ಪಾಮರ್ ಕೋಠಿಯ ದಿವಾಳಿ

ನಮ್ಮ ಹಿರಿಯರು ರಾಯಚೂರಿನ ರೈತರು, ನಿಜಾಮರ ಪ್ರಜೆಗಳು. ಹೈದರಾಬಾದ್ ದರ್ಬಾರಿನ ಸಾಲದ ಭಾರ ಕೊನೆಗೆ ಬೀಳುತ್ತಿದ್ದದ್ದು ಅಂಥವರ ಕಂದಾಯದ ಮೇಲೆಯೇ. ಹಾಗಾಗಿ ವಿಲಿಯಂ ಪಾಮರ್ ಕಂಪನಿಯ ಕಥೆ ನನಗೆ ಮನೆಯ ಕಥೆ.

1810ರ ದಶಕದಲ್ಲಿ ಈ ಲೇವಾದೇವಿ ಸಂಸ್ಥೆ ಪೇಷ್ಕಾರ (ಉಪಮಂತ್ರಿ) ಚಂದೂಲಾಲರ ಆಡಳಿತಕ್ಕೆ ಶೇ. 25ರ ಆಸುಪಾಸಿನ ಬಡ್ಡಿಗೆ ಸಾಲ ಕೊಟ್ಟಿತು. 1820ರಲ್ಲಿ ಹೈದರಾಬಾದಿಗೆ ಬ್ರಿಟಿಷ್ ರೆಸಿಡೆಂಟ್ ಆಗಿ ಬಂದ ಚಾರ್ಲ್ಸ್ ಮೆಟ್‌ಕಾಫ್ ಇದನ್ನು ಬಲವಾಗಿ ವಿರೋಧಿಸಿದರು. 1823ರಲ್ಲಿ ಈಸ್ಟ್ ಇಂಡಿಯಾ ಕಂಪನಿ ಸಾಲ ತೀರಿಸಲು ಹಣ ಕೊಟ್ಟಿತು; ಬದಲಿಗೆ ಉತ್ತರ ಸರ್ಕಾರ್ ಎಂಬ ಕರಾವಳಿ ಜಿಲ್ಲೆಗಳಿಗಾಗಿ ಅದು ನಿಜಾಮರಿಗೆ ಕೊಡುತ್ತಿದ್ದ ವರ್ಷಕ್ಕೆ 7 ಲಕ್ಷ ರೂಪಾಯಿಯ ಪೇಷ್ಕಷ್ (ಕಪ್ಪ) ಶಾಶ್ವತವಾಗಿ ನಿಂತಿತು. ಮರುವರ್ಷವೇ ಪಾಮರ್ ಕಂಪನಿ ದಿವಾಳಿಯಾಯಿತು.

ಅಂದು ದರ್ಬಾರಿನ ಪಾಮರ್ ಸಾಲ ತೀರಿತು. ರೈತನಿಗೆ ಬಿಡುಗಡೆ ಸಿಗಲಿಲ್ಲ. ಸಾಲದ ಹೊರೆಯಿಂದ ಅಂಥ ಬಿಡುಗಡೆಯೇ 1920ರ ಪ್ರಾಂತೀಯ ದಿವಾಳಿ ಕಾಯ್ದೆಯ ಜೀವಾಳ. ಸಾಲಗಾರನ ಆಸ್ತಿ ಸಾಲ ಕೊಟ್ಟವರಿಗೆ ಪ್ರಮಾಣಾನುಸಾರ ಹಂಚಿಕೆಯಾಗುತ್ತದೆ. ಉಡುವ ಬಟ್ಟೆ, ಅಡುಗೆ ಪಾತ್ರೆ, ಕಸುಬಿನ ಉಪಕರಣಗಳನ್ನು ಯಾರೂ ಮುಟ್ಟುವಂತಿಲ್ಲ. ಪ್ರಾಮಾಣಿಕನಿಗೆ ನ್ಯಾಯಾಲಯ ಋಣಮುಕ್ತಿ ಕೊಡಬಹುದು. 2016ರ ದಿವಾಳಿ ಸಂಹಿತೆಯ ವೈಯಕ್ತಿಕ ದಿವಾಳಿ ಭಾಗ 2019ರ ಡಿಸೆಂಬರ್‌ನಲ್ಲಿ ಜಾರಿಗೆ ಬಂದದ್ದು ಕಂಪನಿಗಳ ಸಾಲಕ್ಕೆ ಜಾಮೀನು ನಿಂತವರಿಗೆ ಮಾತ್ರ. ಉದ್ಯಮಿಗೆ ಸಿಗುವ ಎರಡನೇ ಅವಕಾಶ ರೈತನಿಗೂ ನೇಕಾರನಿಗೂ ಸಿಗಬೇಕು. ಅದು ದಯೆಯಲ್ಲ, ನ್ಯಾಯ.