ಮಾತೃಭಾಷೆಯ ಅಂಕಣ ಮತ್ತು ಮನೆಯ ಮಾತುಗಳು

ನಮ್ಮ ಶಾಲೆಯ ಜನರಲ್ ರಜಿಸ್ಟರಿನಲ್ಲಿ ಮಗುವಿನ ಹೆಸರು, ಜನ್ಮದಿನಾಂಕಗಳ ಸಾಲಿನಲ್ಲಿಯೇ 'ಮಾತೃಭಾಷೆ' ಎಂಬ ಅಂಕಣವಿದೆ. ಅಲ್ಲಿ ಒಂದೇ ಶಬ್ದಕ್ಕೆ ಸ್ಥಳ. ಮಗುವನ್ನು ಸೇರಿಸಲು ಬಂದ ತಾಯಿಯೊಬ್ಬರನ್ನು ಏನು ಬರೆಯಬೇಕೆಂದು ನಾವು ಕೇಳಿದಾಗ, "ನಾ ಕೂಸಿನ ಜೋಡಿ ಮರಾಠಿ ಮಾತಾಡ್ತೀನ್ರಿ ಬಾಯಾರ, ಅತ್ತಿ ಕನ್ನಡ ಮಾತಾಡ್ತಾರ. ಯಾವುದರೆ ಬರೀರಿ" ಎಂದರು. ನಾವು 'ಕನ್ನಡ' ಎಂದು ಬರೆದೆವು. ಹಾಗೆ ಬರೆಯುವಾಗ ಕನ್ನಡ ಶಾಲೆಯ ಹಿತವೂ ನಮ್ಮ ಮನಸ್ಸಿನಲ್ಲಿತ್ತೆಂದು ಒಪ್ಪಿಕೊಳ್ಳಬೇಕು. ಜನಗಣತಿಯವರು ಅದೇ ಮಗುವಿಗೆ 'ಮರಾಠಿ' ಎಂದು ಬರೆಯುತ್ತಾರೆ. ಬಾಲ್ಯದಲ್ಲಿ ತಾಯಿ ಮಗುವಿನೊಡನೆ ಆಡಿದ ಭಾಷೆಯೇ ಮಾತೃಭಾಷೆ ಎಂಬುದು ಅವರ ಇಂದಿನ ನಿಯಮ.

ಈ ನಿಯಮವೂ ಮೊದಲಿನಿಂದ ಹೀಗಿರಲಿಲ್ಲ. 1881ರಲ್ಲಿ ತೊಟ್ಟಿಲಿನಿಂದ ಆಡಿದ ಭಾಷೆಯನ್ನು ಕೇಳಿದರು. 1891ರಲ್ಲಿ ತಂದೆತಾಯಿಗಳ ಮನೆಯಲ್ಲಿ ಸಾಮಾನ್ಯವಾಗಿ ಆಡುವ ಭಾಷೆಯನ್ನು ಕೇಳಿದರು. ಪ್ರಶ್ನೆ ಬದಲಾದಂತೆ ಉತ್ತರವೂ ಬದಲಾಗುವುದು ಸಹಜ. 1971ರಿಂದ 10,000ಕ್ಕಿಂತ ಕಡಿಮೆ ಜನರಾಡುವ ಭಾಷೆಗಳ ಹೆಸರು ಮುಖ್ಯ ಪಟ್ಟಿಯಲ್ಲಿ ಪ್ರತ್ಯೇಕವಾಗಿ ಬರುವುದಿಲ್ಲ. ಸೊಲ್ಲಾಪುರದ ಸುತ್ತಲಿನ ತಾಂಡಾಗಳ ಲಮಾಣಿ ಮಾತು ಅದೇ ಪಟ್ಟಿಯಲ್ಲಿ ಹಿಂದಿಯ ಅಡಿಯಲ್ಲಿ ಸೇರಿಹೋಗಿದೆ.

ನಮ್ಮ ಸೀಮೆಯ ಚರಿತ್ರೆಯಲ್ಲಿ ಈ ಎಣಿಕೆ ಬರಿಯ ಕಾಗದದ ಕೆಲಸವಾಗಿ ಉಳಿಯಲಿಲ್ಲ. ಭೋಸಲೆ ಮನೆತನದ ಅಕ್ಕಲಕೋಟ ಸಂಸ್ಥಾನವು 1948ರಲ್ಲಿ ಮುಂಬಯಿ ಪ್ರಾಂತದಲ್ಲಿ ವಿಲೀನವಾಯಿತು. ಫಜಲ್ ಅಲಿ ಅವರ ಅಧ್ಯಕ್ಷತೆಯ ರಾಜ್ಯ ಪುನರ್ವಿಂಗಡಣಾ ಆಯೋಗವು 1955ರ ವರದಿಯಲ್ಲಿ, ನೂರಕ್ಕೆ 70 ಜನ ಒಂದೇ ಭಾಷೆಯವರಿದ್ದರೆ ರಾಜ್ಯವನ್ನು ಏಕಭಾಷಿಕವೆಂದೂ, ನೂರಕ್ಕೆ 30ರಷ್ಟು ಅಲ್ಪಸಂಖ್ಯಾತರಿದ್ದರೆ ಆಡಳಿತದ ಮಟ್ಟಿಗೆ ದ್ವಿಭಾಷಿಕವೆಂದೂ ಕಾಣಬೇಕೆಂದಿತು. 1956ರ ನವೆಂಬರ್ 1ರಂದು ನೆರೆಯ ವಿಜಾಪುರ ಮೈಸೂರು ರಾಜ್ಯಕ್ಕೆ ಹೋಯಿತು; ಸೊಲ್ಲಾಪುರ ಜಿಲ್ಲೆ ಮುಂಬಯಿಯಲ್ಲಿ ಉಳಿದು, 1960ರ ಮೇ 1ರಂದು ಮಹಾರಾಷ್ಟ್ರದ ಭಾಗವಾಯಿತು. 1966ರಲ್ಲಿ ನೇಮಕಗೊಂಡ ಮಹಾಜನ ಆಯೋಗವು ಮರುವರ್ಷದ ವರದಿಯಲ್ಲಿ ಅಕ್ಕಲಕೋಟ ತಾಲೂಕನ್ನು ಕರ್ನಾಟಕಕ್ಕೆ ಸೇರಿಸಲು ಶಿಫಾರಸು ಮಾಡಿತು. ಅದು ಜಾರಿಗೆ ಬರಲಿಲ್ಲ. ಬೋರಿ ಹೊಳೆಯ ದಂಡೆಯ ನಮ್ಮ ಕುರನೂರ ಇದ್ದಲ್ಲಿಯೇ ಇತ್ತು. ಮನೆಗಳಲ್ಲಿ ಎರಡು-ಮೂರು ಭಾಷೆಗಳು ಎಂದಿನಂತೆ ಒಟ್ಟಿಗೇ ಬಾಳಿದವು.

ಶಾಲೆಗಳ ಬದುಕಿಗೂ ಸಂಖ್ಯೆಯೇ ಆಧಾರವಾಯಿತು. ಶಾಲೆಯಲ್ಲಿ 40 ಅಥವಾ ತರಗತಿಯಲ್ಲಿ 10 ಮಕ್ಕಳಿದ್ದರೆ ಅವರ ಮಾತೃಭಾಷೆಯಲ್ಲಿ ಕಲಿಸಲು ಏರ್ಪಾಡು ಮಾಡಬೇಕೆಂದು 1949ರಲ್ಲಿ ಪ್ರಾಂತಗಳ ಶಿಕ್ಷಣ ಸಚಿವರ ಸಮ್ಮೇಳನ ಒಪ್ಪಿತು. 1956ರಲ್ಲಿ ಸಂವಿಧಾನಕ್ಕೆ ಸೇರಿದ 350ಎ ವಿಧಿಯು ಭಾಷಾ ಅಲ್ಪಸಂಖ್ಯಾತರ ಮಕ್ಕಳ ಪ್ರಾಥಮಿಕ ಶಿಕ್ಷಣಕ್ಕೆ ಈ ಭರವಸೆಯನ್ನು ಗಟ್ಟಿಗೊಳಿಸಿತು. 1967ರಲ್ಲಿ ಪುಣೆಯಲ್ಲಿ ಸ್ಥಾಪನೆಗೊಂಡ ಬಾಲಭಾರತಿ ಸಂಸ್ಥೆಯ ಕನ್ನಡ ಪುಸ್ತಕಗಳನ್ನೇ ನಮ್ಮ ಮಕ್ಕಳು ಇಂದಿಗೂ ಓದುತ್ತಾರೆ.

ಮನೆಯ ಭಾಷೆಗಳಿಂದ ಒಂದು ಸಮಾಜದ ವೈವಿಧ್ಯವನ್ನು ಅಳೆಯುವ ಸೂತ್ರವನ್ನು ಅಮೆರಿಕದ ಭಾಷಾವಿಜ್ಞಾನಿ ಜೋಸೆಫ್ ಗ್ರೀನ್‌ಬರ್ಗ್ 1956ರಲ್ಲಿಯೇ ಕೊಟ್ಟರು. ಕಣ್ಣುಮುಚ್ಚಿ ಇಬ್ಬರನ್ನು ಆರಿಸಿದರೆ ಅವರ ಭಾಷೆಗಳು ಬೇರೆಯಾಗಿರುವ ಸಂಭವ ಎಷ್ಟು ಎಂಬುದೇ ಅದರ ತಿರುಳು. ಉದಾಹರಣೆಗೆ, ಹತ್ತು ಮಕ್ಕಳ ತರಗತಿಯಲ್ಲಿ ಆರು ಕನ್ನಡ, ಎರಡು ಮರಾಠಿ, ಒಂದು ಉರ್ದು, ಒಂದು ಲಮಾಣಿ ಎಂದಿಟ್ಟುಕೊಂಡರೆ ಸೂಚ್ಯಂಕ 0.58, ಎಲ್ಲರೂ ಒಂದೇ ಭಾಷೆಯವರಾದರೆ ಸೊನ್ನೆ. ಒಬ್ಬರಿಗೆ ಒಂದೇ ಭಾಷೆ ಎಂದು ಎಣಿಸಿದಾಗ ಮಾತ್ರ ಈ ಲೆಕ್ಕ ಸರಳ. ಗ್ರೀನ್‌ಬರ್ಗ್ ಅವರೇ ಬಹುಭಾಷಿಕರಿಗಾಗಿ ಬೇರೆ ಸೂತ್ರಗಳನ್ನೂ ರಚಿಸಬೇಕಾಯಿತು. ತರಗತಿಯ ಮಕ್ಕಳೆಲ್ಲರಿಗೂ 'ಕನ್ನಡ' ಎಂದು ಬರೆದರೆ ನಮ್ಮ ಸೂಚ್ಯಂಕ ಸೊನ್ನೆಯಾಗುತ್ತದೆ. ಆದರೆ ಆ ಮಕ್ಕಳು ಊಟದ ಬಿಡುವಿನಲ್ಲಿ ಮೂರು ಭಾಷೆಗಳಲ್ಲಿ ಆಡುತ್ತಿರುತ್ತಾರೆ.

ಎರಡು ಭಾಷೆಗಳ ಬಾಳು ಒಂದನ್ನೂ ಕುಂದಿಸಬೇಕಾಗಿಲ್ಲ ಎಂಬುದಕ್ಕೆ ಸೊಲ್ಲಾಪುರದ ಜಯದೇವಿತಾಯಿ ಲಿಗಾಡೆಯವರೇ ಸಾಕ್ಷಿ. 1912ರಲ್ಲಿ ಜನಿಸಿದ ಅವರು ಶಾಲೆಯಲ್ಲಿ ಕಲಿತದ್ದು ಮರಾಠಿ. ಮನೆಯ ಕನ್ನಡವನ್ನು ಬಿಡದೆ ಬೆಳೆಸಿಕೊಂಡು ಸಿದ್ಧರಾಮೇಶ್ವರ ಪುರಾಣವನ್ನು ರಚಿಸಿದರು. ಎರಡೂ ಭಾಷೆಗಳಲ್ಲಿ ಬರೆದರು. 1974ರ ಮಂಡ್ಯ ಸಮ್ಮೇಳನದಲ್ಲಿ ಕನ್ನಡ ಸಾಹಿತ್ಯ ಸಮ್ಮೇಳನದ ಮೊದಲ ಮಹಿಳಾ ಅಧ್ಯಕ್ಷೆಯಾದರು.

ಇಂದು ನಮ್ಮ ಚಿಂತೆ ಬೇರೆ ಬಗೆಯದು. ಅಜ್ಜಿಯೊಡನೆ ಕನ್ನಡ ಆಡುವ ಮಗು ತಮ್ಮನೊಡನೆ ಅದನ್ನು ಆಡದಿದ್ದರೆ, ರಜಿಸ್ಟರಿನಲ್ಲಿ 'ಕನ್ನಡ' ಎಂದೇ ಇರುತ್ತದೆ; ಆದರೆ ಅಜ್ಜಿಯ ನಂತರ ಆ ಮನೆಯಲ್ಲಿ ಕನ್ನಡ ಕೇಳಿಸುವುದಿಲ್ಲ. ಲಮಾಣಿಗೂ ದಖನಿ ಉರ್ದುವಿಗೂ ಇದೇ ಮಾತು ಸಲ್ಲುತ್ತದೆ. ಆದುದರಿಂದ ಈ ವರ್ಷದಿಂದ ರಜಿಸ್ಟರಿನ ಜೊತೆಗೆ ಒಂದು ಪ್ರತ್ಯೇಕ ವಹಿಯನ್ನು ಇಡಲು ನಾವು ನಿಶ್ಚಯಿಸಿದ್ದೇವೆ. ತಾಯಿಯೊಡನೆ, ತಂದೆಯೊಡನೆ, ಅಜ್ಜ-ಅಜ್ಜಿಯರೊಡನೆ, ಒಡಹುಟ್ಟಿದವರೊಡನೆ ಮಗು ಯಾವ ಭಾಷೆ ಆಡುತ್ತದೆ ಎಂಬುದನ್ನು ಅದರಲ್ಲಿ ಬರೆಯುತ್ತೇವೆ. ಹಳೆಯ ವಿದ್ಯಾರ್ಥಿಗಳೂ ತಮ್ಮ ಬಾಲ್ಯದ ಮನೆಯ ಮಾತುಗಳನ್ನು ಬರೆದು ಕಳುಹಿಸಬೇಕೆಂದು ಕೋರುತ್ತೇವೆ. ಪಾಲಕರು ಬಂದಾಗ ನಿಸ್ಸಂಕೋಚವಾಗಿ ಎಲ್ಲ ಭಾಷೆಗಳನ್ನೂ ಹೇಳಲಿ. ಎರಡನೆಯ ಶತಮಾನದ ವಹಿಯಲ್ಲಿ ಎಲ್ಲಕ್ಕೂ ಸ್ಥಳವಿದೆ.