ಮೋಟಾರು ನಿಂತ ಮೇಲಿನ ಹಾರಾಟ

ಮಾದರಿ ವಿಮಾನದ ಮೋಟಾರು ಆಕಾಶದಲ್ಲೇ ನಿಂತರೆ ಇಂದು ಹಾರಿಸುವವರ ಎದೆ ಧಸಕ್ಕೆನ್ನುತ್ತದೆ. ಹಿಂದೆ ಹಾಗಿರಲಿಲ್ಲ. ಬಲ ಮುಗಿಯುವುದೇ ಪ್ರತಿ ಹಾರಾಟದ ಸಹಜ ಕೊನೆಯಾಗಿತ್ತು.

1871ರಲ್ಲಿ ಪ್ಯಾರಿಸ್ಸಿನ ಉದ್ಯಾನವೊಂದರಲ್ಲಿ ಅಲ್ಫೋನ್ಸ್ ಪೆನೋ ಹಾರಿಸಿದ ಪುಟ್ಟ ವಿಮಾನ ನಡೆದದ್ದು ಹುರಿ ಕೊಟ್ಟ ರಬ್ಬರಿನಿಂದ. ಹುರಿ ಬಿಚ್ಚಿಕೊಳ್ಳಲು ಕೆಲವೇ ಸೆಕೆಂಡು ಸಾಕು. ಪೆನೋನ ಜಾಣ್ಮೆ ಇದ್ದದ್ದು ಬಾಲದಲ್ಲಿ. ಹಿಂದಿನ ಕಿರುರೆಕ್ಕೆಯನ್ನು ಅವನು ಕೂರಿಸಿದ ಕೋನದಿಂದಾಗಿ ವಿಮಾನ ತಾನೇ ಸಮತೋಲ ಕಾಯ್ದುಕೊಳ್ಳುತ್ತಿತ್ತು. ಎನ್‌ಸಿಸಿ ವಾಯುದಳದ ಕೆಡೆಟ್‌ಗಳು ಕಲಿಯುವ ‘ಕಂಟ್ರೋಲ್ ಲೈನ್’ ವಿಮಾನದ್ದೂ ಬಲ ಮುಗಿದ ಮೇಲೆ ಸಮತೋಲ ಕಾಯುವ ಪಾಠವೇ. ತಂತಿಗೆ ಕಟ್ಟಿದ ವಿಮಾನ ಕೆಡೆಟ್‌ನ ಸುತ್ತ ಗಿರಕಿ ಹೊಡೆಯುತ್ತದೆ. ಟ್ಯಾಂಕ್ ಬರಿದಾಗಿ ಎಂಜಿನ್ ನಿಂತಾಗ ಕೆಡೆಟ್ ಹಿಂದೆ ಸರಿದು ತಂತಿ ಸಡಿಲವಾಗದಂತೆ ನೋಡಿಕೊಳ್ಳಬೇಕು.

1957ರ ಜೂನ್ 30ರಂದು ಇಂಗ್ಲೆಂಡಿನಲ್ಲಿ ಕರ್ನಲ್ ಟ್ಯಾಪ್ಲಿನ್ ಅವರ ‘ರೇಡಿಯೊ ಕ್ವೀನ್’ ಬ್ಯಾಟರಿಯ ಬಲದಿಂದ, ರೇಡಿಯೊ ನಿಯಂತ್ರಣದಲ್ಲಿ ಹಾರಿತು. ಬಳಸಿದ್ದು ಬೆಳ್ಳಿ-ಸತುವಿನ ಬ್ಯಾಟರಿ. ಆಮೇಲೆ ನಿಕಲ್-ಕ್ಯಾಡ್ಮಿಯಂ ಬಂತು, ಕೊನೆಗೆ ಹಗುರ ಲಿಥಿಯಂ ಪಾಲಿಮರ್. ಬ್ಯಾಟರಿಯ ಹಾರಾಟದಲ್ಲಿ ಒಂದು ತೊಡಕೂ ಉಂಟು: ಮೋಟಾರನ್ನು ತಿರುಗಿಸುವ ಬ್ಯಾಟರಿಯೇ ಹೆಚ್ಚಿನ ವಿಮಾನಗಳಲ್ಲಿ ರಿಸೀವರ್‌ಗೂ ರೆಕ್ಕೆ-ಬಾಲ ಆಡಿಸುವ ಸರ್ವೊಗಳಿಗೂ ವಿದ್ಯುತ್ ಕೊಡುತ್ತದೆ. ಹಾಗಾಗಿ ಮೋಟಾರಿನ ವೇಗ ನಿಯಂತ್ರಕವು ವೋಲ್ಟೇಜ್ ಕುಸಿದೊಡನೆ ಮೊದಲು ಮೋಟಾರನ್ನು ಕತ್ತರಿಸಿ, ಉಳಿದ ಚಾರ್ಜನ್ನು ಸರ್ವೊಗಳಿಗೆ ಮೀಸಲಿಡುತ್ತದೆ. ಕೆಳಗೆ ನಿಂತವರಿಗೆ ಕೆಟ್ಟುಹೋದಂತೆ ಕಂಡರೂ ವಿಮಾನವನ್ನು ಉಳಿಸುವುದು ಅದೇ. ಆಗ ಥ್ರಾಟಲನ್ನು ಪೂರ್ತಿ ಇಳಿಸಿ ಮೆಲ್ಲನೆ ಮತ್ತೆ ಏರಿಸಿದರೆ ಹಲವು ಸಲ ಕೊಂಚ ಬಲ ಮರಳಿ ಸಿಗುತ್ತದೆ. ಕನೆಕ್ಟರ್ ಕಳಚಿ ಬ್ಯಾಟರಿಯೇ ಬೇರ್ಪಟ್ಟರೆ ಮಾತ್ರ ಯಾವ ಕೈಚಳಕವೂ ನಡೆಯದು. ದೊಡ್ಡ ವಿಮಾನಗಳಲ್ಲಿ ರಿಸೀವರ್‌ಗೆ ಪ್ರತ್ಯೇಕ ಬ್ಯಾಟರಿ ಇಡುವುದು ಅದಕ್ಕೇ.

ಪ್ಯಾರಿಸ್, ಇಂಗ್ಲೆಂಡುಗಳ ಈ ವಿದ್ಯೆ ದಕ್ಷಿಣ ಕನ್ನಡಕ್ಕೂ ಬಂದಿದೆ. ಮೂಡುಬಿದಿರೆ ಬಳಿಯ ಬಡಗ ಮಿಜಾರಿನಲ್ಲಿ 2007ರಲ್ಲಿ ಆರಂಭವಾದ ಮೈಟ್ ಎಂಜಿನಿಯರಿಂಗ್ ಕಾಲೇಜಿನಲ್ಲಿ ಇಂದು ವೈಮಾನಿಕ ವಿಭಾಗವಿದೆ. ರೆಕ್ಕೆಯ ಶಾಸ್ತ್ರ ಹೀಗೆ ಊರಿನ ಓದಾಯಿತು. ಆದರೆ ಬಲ ಹೋದ ವಿಮಾನ ಎಲ್ಲಿ ಇಳಿಯಬೇಕೆಂದು ಹೇಳುವುದು ಈ ಸೀಮೆಯ ನೆಲ. ಮೂಡುಬಿದಿರೆ, ಬಂಟ್ವಾಳ, ಬೆಳ್ತಂಗಡಿಗಳಲ್ಲಿ ಮುರಕಲ್ಲಿನ ಬಯಲಾದ ಪದವು ಮೇಲೆ, ಕಂಗಿನ (ಅಡಿಕೆಯ) ತೋಟ ಕೆಳಗೆ, ನಡುನಡುವೆ ಗದ್ದೆ. ಪದವಿನಿಂದ ಹಾರಿಸಿದ ವಿಮಾನ ತೋಟದ ಮೇಲೆ ಬಲ ಕಳೆದುಕೊಂಡರೆ ಕಂಗಿನ ತಲೆಗೆ ಸಿಕ್ಕಿಕೊಳ್ಳುತ್ತದೆ. ಇಳಿಸಲು ಮರ ಹತ್ತುವವರೇ ಬರಬೇಕು. ಎತ್ತರದ ಬೆಟ್ಟು ಗದ್ದೆಗಳಲ್ಲಿ ಮಳೆಗಾಲದ ಏಣೆಲು ಬೆಳೆಯೊಂದೇ. ಕೊಯ್ಲು ಮುಗಿದರೆ ನೆಲ ಒಣಗಿ ಬರಿದಾಗಿರುತ್ತದೆ. ತಗ್ಗಿನ ಬೈಲು ಗದ್ದೆಯಲ್ಲಿ ಆಮೇಲಿನ ಸುಗ್ಗಿ, ಕೊಳಕೆ ಬೆಳೆಯೂ ಉಂಟು, ಕೆಸರೂ ಉಂಟು. ಈ ವ್ಯತ್ಯಾಸ ಬಲ್ಲವರು ವಿಮಾನ ಏರಿಸುವ ಮೊದಲೇ ಇಳಿಸುವ ಗದ್ದೆಯನ್ನು ಕಣ್ಣಲ್ಲಿ ಗುರುತಿಟ್ಟುಕೊಳ್ಳುವುದು ಒಳ್ಳೆಯದು.

ಮೋಟಾರು ನಿಂತಾಗ ಮೂಗು ತುಸು ತಗ್ಗಿಸಿ ವೇಗ ಉಳಿಸಬೇಕು, ರೆಕ್ಕೆ ಸಮವಾಗಿಡಬೇಕು, ಎತ್ತರ ಕಡಿಮೆಯಿದ್ದರೆ ನೇರ ಮುಂದಕ್ಕೇ ಇಳಿಸಬೇಕು. ಹೊರಟ ಜಾಗಕ್ಕೇ ತಿರುಗಿಸುವ ಆಸೆಯಲ್ಲಿ ಬಾಲ ಆಡಿಸುವ ನಿಯಂತ್ರಣ ಕಡ್ಡಿಯನ್ನು ಎಳೆದವರ ವಿಮಾನ ವೇಗ ಕಳೆದುಕೊಂಡು, ರೆಕ್ಕೆ ವಾಲಿ ನೆಲಕ್ಕಪ್ಪಳಿಸುತ್ತದೆ.

ಕಂಗಿಗೆ ಮದ್ದು ಬಿಡಲು ಬಂದಿರುವ ಡ್ರೋನ್‌ಗೆ ಹೀಗೆ ತೇಲಿ ಇಳಿಯುವ ಅವಕಾಶವೂ ಇಲ್ಲ. ಆರೋ ಎಂಟೋ ಮೋಟಾರುಗಳಿದ್ದರೆ ಒಂದು ಕೈಕೊಟ್ಟರೂ ಅದು ಸಾವರಿಸಿಕೊಳ್ಳಬಹುದು. ಬ್ಯಾಟರಿಯೇ ನಿಂತರೆ ಜಾರಿ ಇಳಿಯಲು ರೆಕ್ಕೆಯಿಲ್ಲ. ಮದ್ದಿನ ಟ್ಯಾಂಕ್ ಸಮೇತ ಬೀಳುತ್ತದೆ. ಅದನ್ನು ಹಾರಿಸುವವರು ಚಾರ್ಜ್ ಉಳಿದಿರುವಾಗಲೇ ಕೆಳಗಿಳಿಸಬೇಕು, ತೋಟದ ಅಡಿಯಲ್ಲಿ ಜನ ನಿಲ್ಲದಂತೆ ನೋಡಿಕೊಳ್ಳಬೇಕು.