ಸಾಲಿ ಗೋಡೆಗೆ ಯಾರ ರೊಕ್ಕ?

📌 1/4

ನವಲಗುಂದ, ಅಣ್ಣಿಗೇರಿ ಕಡೆ ಎರಿ ಭೂಮಿ ಹೆಂಗ ಅಂತ ನಿಮಗ ಗೊತ್ತೇ ಐತಿ. ಬ್ಯಾಸಗ್ಯಾಗ ಬಾಯಿ ಬಿಡತೈತಿ, ಮಳಿಗಾಲದಾಗ ಉಬ್ಬತೈತಿ. ಅದರ ಮ್ಯಾಲೆ ನಿಂತ ಗೋಡೆ ಬಿರುಕು ಬಿಡದೇ ಇರೋದು ಕಷ್ಟ. ಕಲಘಟಗಿ ಕಡೆ ಹೋದರ ಮಳಿ ಜೋರು, ಹಂಚು ಸೋರತಾವ. ಅಂದರ ಸಾಲಿ ಒಮ್ಮೆ ಕಟ್ಟಿದರ ಮುಗೀಲಿಲ್ಲ, ಆಗಾಗ ರಿಪೇರಿಗೆ ರೊಕ್ಕ ಬೇಕು. "ಸರ್ಕಾರ ಕೊಡತೈತಿ" ಅಂತೀರಿ. ಖರೆ. ಆದರ ಸರ್ಕಾರಕ್ಕ ಯಾರು ಕೊಡ್ತಾರ?

ಹಳೇ ಲೆಕ್ಕದಿಂದ ಶುರು ಮಾಡೋಣ. ಆಗ ಧಾರವಾಡ ಮುಂಬಯಿ ಪ್ರಾಂತದಲ್ಲಿತ್ತು. 1863–64ರ ಹೊತ್ತಿಗೆ ಅಲ್ಲಿ ಭೂಕಂದಾಯದ ಪ್ರತಿ ರೂಪಾಯಿಗೆ ಒಂದು ಆಣೆ ಹೆಚ್ಚುವರಿ ಕರ ಬಂತು. ಹೆಸರು ಲೋಕಲ್ ಫಂಡ್. 1869ರಲ್ಲಿ ಅದಕ್ಕೆ ಕಾಯ್ದೆಯೂ ಆಯಿತು. ಬಂದ ಹಣದಲ್ಲಿ ಮೂರನೇ ಒಂದು ಪಾಲು ಶಿಕ್ಷಣಕ್ಕೆ, ಉಳಿದದ್ದು ರಸ್ತೆಯಂಥ ಕೆಲಸಗಳಿಗೆ.

ಲೆಕ್ಕ ಹಾಕ್ರಿ: ಒಬ್ಬ ರೈತ ವರ್ಷಕ್ಕೆ 12 ರೂಪಾಯಿ ಕಂದಾಯ ಕಟ್ಟಿದರ, ಅದರ ಮ್ಯಾಲೆ 12 ಆಣೆ ಲೋಕಲ್ ಫಂಡ್. ಅದರಾಗ 4 ಆಣೆ ಶಿಕ್ಷಣಕ್ಕ. ತಾನು ಸಾಲಿ ಮೆಟ್ಟಲಾ ಹತ್ತದಿದ್ದರೂ ಕಟ್ಟಲೇಬೇಕಿತ್ತು.

📌 2/4

ರೈತ ರೊಕ್ಕ ಕೊಟ್ಟ. ಅವನ ಮಕ್ಕಳಿಗೆ ಸಾಲಿ ಸಿಕ್ತಾ?

1882ರಲ್ಲಿ ಹಂಟರ್ ಆಯೋಗ ಶಿಕ್ಷಣದ ವಿಚಾರಣೆಗೆ ಬಂದಾಗ ಪುಣೆಯ ಜ್ಯೋತಿಬಾ ಫುಲೆ ಇದನ್ನೇ ಕೇಳಿದರು. ಸರ್ಕಾರದ ಆದಾಯದ ದೊಡ್ಡ ಪಾಲು ಬರುವುದು ರೈತನ ಬೆವರಿನಿಂದ, ಆದರೆ ಶಿಕ್ಷಣದ ಖರ್ಚು ಹೋಗುವುದು ಮೇಲ್ವರ್ಗದವರಿಗೆ ಎಂಬುದು ಅವರ ವಾದ. ಆಯೋಗವೂ ಒಂದು ಮುಖ್ಯ ಮಾತು ಹೇಳಿತು: ಹಳ್ಳಿಯ ನಿಧಿ ಬೇರೆ, ಪೇಟೆಯ ನಿಧಿ ಬೇರೆ ಇಡಬೇಕು. ಹಳ್ಳಿಯವರ ಹಣ ಪೇಟೆ ಶಾಲೆಗಳಿಗೆ ಹರಿದು ಹೋಗಬಾರದು.

ಇಲ್ಲೇ ನಮಗ ಮೊದಲನೇ ಪಾಠ ಸಿಗತೈತಿ. ಕರಕ್ಕ ಹೆಸರು ಇಟ್ಟರ ಸಾಕಾಗೋದಿಲ್ಲ. ಅದು ಎಲ್ಲಿ ಖರ್ಚಾತು ಅನ್ನೋದರ ಲೆಕ್ಕವೂ ಬೇಕು.

📌 3/4

ಆಮೇಲೆ ಸಾಲಿಗೆ ದೊಡ್ಡ ಆಸರೆ ಆಗಿದ್ದು ಶೆರೆ! ನಗಬ್ಯಾಡ್ರಿ. 1937ರಲ್ಲಿ ಪ್ರಾಂತಗಳಲ್ಲಿ ಕಾಂಗ್ರೆಸ್ ಸರ್ಕಾರ ಬಂದಾಗ, ಪಾನನಿಷೇಧ ಮಾಡಿದರೆ ಶಾಲೆಗಳಿಗೆ ಹಣ ಎಲ್ಲಿಂದ ಎಂಬ ಪ್ರಶ್ನೆ ಎದ್ದಿತು. ಮಕ್ಕಳ ವಿದ್ಯೆ ಅಬಕಾರಿ ಹಣದ ಮೇಲೆ ನಿಂತಿರುವುದು ಗಾಂಧೀಜಿಗೆ ನಾಚಿಕೆಯ ಸಂಗತಿಯಾಗಿ ಕಂಡಿತ್ತು. ಶೆರೆ ಆದಾಯ ಬಿಟ್ಟರೆ ಬೇರೆ ಮೂಲ ಬೇಕಲ್ಲ? 1939ರಲ್ಲಿ ಮದ್ರಾಸಿನಲ್ಲಿ ರಾಜಾಜಿ ಸರ್ಕಾರ ಮಾರಾಟ ತೆರಿಗೆ ತಂದಿತು. ನಮ್ಮ ಮುಂಬಯಿ ಪ್ರಾಂತಕ್ಕೆ ಅದು 1946ರಲ್ಲಿ ಬಂತು. 1956ರಲ್ಲಿ ನಾವು ಮೈಸೂರು ರಾಜ್ಯ ಸೇರಿದೆವು. 1957ರಲ್ಲಿ ಆ ರಾಜ್ಯಕ್ಕೆಲ್ಲ ಒಂದೇ ಮಾರಾಟ ತೆರಿಗೆ ಕಾಯ್ದೆ, 2005ರಲ್ಲಿ ವ್ಯಾಟ್, 2017ರಲ್ಲಿ ಜಿಎಸ್‌ಟಿ.

ಭೂಕಂದಾಯ ಹೊಲ ಇದ್ದವರಿಗೆ. ಮಾರಾಟ ತೆರಿಗೆ ಸೋಪು ಕೊಂಡವರಿಗೆಲ್ಲ. ಈಗ ಸಾಲಿಗೆ ರೊಕ್ಕ ಕೊಡೋರಾಗ ನೀವೂ ಇದ್ದೀರಿ, ನಾನೂ ಇದ್ದೇನಿ. ಆದರ ಆ ರೂಪಾಯಿ ರಾಜ್ಯದ ಖಜಾನೆಗೆ ಹೋಗಿ ಎಲ್ಲದರ ಜೋಡಿ ಕೂಡಿಬಿಡತೈತಿ. ಸಾಲಿ ಅಂತ ಅದರ ಮ್ಯಾಲೆ ಬರೆದಿರೋದಿಲ್ಲ.

ಇನ್ನೊಂದು ಮಜಾ ನೋಡ್ರಿ. ಸಿಮೆಂಟಿಗೆ 28% ಇದ್ದ ಜಿಎಸ್‌ಟಿ 2025ರ ಸೆಪ್ಟೆಂಬರ್ 22ರಿಂದ 18% ಆಗೇತಿ. 18% ತೆರಿಗೆ ಇರೋ ಬಿಲ್ಲು 1,18,000 ರೂಪಾಯಿ ಆದರ, ಅದರಾಗ 18,000 ತೆರಿಗೆನೇ. ಸಾಲಿಗೆ ಅಂತ ಸರ್ಕಾರ ಕೊಟ್ಟ ರೊಕ್ಕದಾಗ ಒಂದಿಷ್ಟು ಮತ್ತ ಸರ್ಕಾರಕ್ಕ!

ಅಮೆರಿಕದ ಜಾರ್ಜಿಯಾ ರಾಜ್ಯದಲ್ಲಿ ಬೇರೆ ಪದ್ಧತಿ ಇದೆ. 1996ರಲ್ಲಿ ಅಲ್ಲಿನ ಮತದಾರರು ಒಪ್ಪಿದ ಮೇಲೆ, ಶಾಲಾ ಕಟ್ಟಡಗಳಿಗಾಗಿಯೇ 1% ಮಾರಾಟ ತೆರಿಗೆ ಹಾಕಲು ದಾರಿಯಾಯಿತು. ಆಯಾ ಭಾಗದ ಜನ ಓಟು ಹಾಕಿ ಒಪ್ಪಬೇಕು. ಹೆಚ್ಚೆಂದರೆ 5 ವರ್ಷ, ಮುಂದುವರಿಸಬೇಕೆಂದರೆ ಮತ್ತೆ ಓಟು.

ಹಂಗಾರ ನಮ್ಮಲ್ಲೂ ತರೋಣ ಅಂತೀರೇನು? ತಡೀರಿ. ಕುಂದಗೋಳದವರು ಹಬ್ಬದ ಅರಿವಿ, ಮೊಬೈಲು, ಗಾಡಿ ಎಲ್ಲಿ ತಗೋತಾರ? ಹುಬ್ಬಳ್ಳ್ಯಾಗ. ಆ 1% ಹುಬ್ಬಳ್ಳಿ ಸಾಲಿಗೆ ಹೋಗತೈತಿ. 1882ರ ಪ್ರಶ್ನೆನೇ ಮತ್ತ ಬಂತು ನೋಡ್ರಿ.

📌 4/4

ನಮ್ಮ ದೇಶದಾಗೂ ಹೆಸರು ಬರೆದ ರೊಕ್ಕ ಇತ್ತು. 2004ರಲ್ಲಿ ಕೇಂದ್ರ ತೆರಿಗೆಗಳ ಮೇಲೆ 2% ಶಿಕ್ಷಣ ಸೆಸ್ ಬಂತು. 2007ರಲ್ಲಿ ಪ್ರೌಢ ಮತ್ತು ಉನ್ನತ ಶಿಕ್ಷಣಕ್ಕೆ ಇನ್ನೂ 1%. ಈ ಎರಡನೆಯದರಲ್ಲಿ 2016–17ರವರೆಗೆ 83 ಸಾವಿರ ಕೋಟಿ ರೂಪಾಯಿಗೂ ಹೆಚ್ಚು ಕೂಡಿತು. ಆದರೆ ಅದನ್ನು ಇಡಲು ಬೇರೆ ನಿಧಿಯೇ ಆಗಿರಲಿಲ್ಲ ಎಂದು ಸಿಎಜಿ ವರದಿ ಹೇಳಿತು. ನಿಧಿಗೆ ಕೇಂದ್ರ ಸಂಪುಟದ ಒಪ್ಪಿಗೆ ಸಿಕ್ಕಿದ್ದು 2017ರ ಆಗಸ್ಟ್‌ನಲ್ಲಿ. ಹತ್ತು ವರ್ಷ ತಡ!

ಲೆಕ್ಕ ಕೇಳೋದು ನಮ್ಮ ಮಣ್ಣಿಗೆ ಹೊಸದಲ್ಲ. 1980ರಲ್ಲಿ ಮಲಪ್ರಭಾ ಕಾಲುವೆಯ ನೀರು ಸರಿಯಾಗಿ ಬರದ ಹೊಲಗಳಿಗೂ ಬೆಟರ್‌ಮೆಂಟ್ ಲೆವಿ ಹಾಕಿದಾಗ ನವಲಗುಂದ, ನರಗುಂದದ ರೈತರು "ನೀರು ಇಲ್ಲ, ಕರ ಯಾತಕ್ಕ?" ಅಂತ ಎದ್ದು ನಿಂತರು. ಜುಲೈ 21ರಂದು ಗೋಲಿಬಾರ್ ಆಯಿತು, ರೈತರು ಜೀವ ಕೊಟ್ಟರು. ಇವತ್ತಿಗೂ ಜುಲೈ 21 ಬಂದರ ನವಲಗುಂದದಾಗ ಅವರನ್ನ ನೆನೀತಾರ.

ನಮಗ ಈಗ ಅಷ್ಟು ದೊಡ್ಡ ಹೋರಾಟ ಬೇಕಾಗಿಲ್ಲ. 2001ರಿಂದ ಸರ್ಕಾರಿ ಸಾಲಿಗೆ ಎಸ್‌ಡಿಎಂಸಿ ಐತಿ, ಅದರಾಗ ಪಾಲಕರೇ ಇರ್ತಾರ. ಗ್ರಾಮಸಭೆ ಐತಿ. ನಾವು ಡೆಬಿಟ್–ಕ್ರೆಡಿಟ್ ಓದಿದವರು. ನಿಮ್ಮೂರ ಸಾಲಿಗೆ ಹೋದ ವರ್ಷ ರಿಪೇರಿಗೆ ಎಷ್ಟು ಬಂತು, ಎಷ್ಟು ಖರ್ಚಾತು, ಇಷ್ಟು ಎರಡು ಸಾಲು ಕೇಳಿ ಬರ್ರಿ. ನೀವು ಕೊಟ್ಟ ರೂಪಾಯಿ ಮ್ಯಾಲೆ ಹೆಸರಿಲ್ಲ ಅಂದರ, ಅದರ ಬೆನ್ನು ಹತ್ತಿ ಕೇಳೋರಾದರೂ ಇರಬೇಕಲ್ಲ?

ಏನು ಉತ್ತರ ಸಿಕ್ತು ಅಂತ ಕೆಳಗ ಬರೀರಿ 👇

#ನಮ್ಮಸಾಲಿ #ನಮ್ಮರೊಕ್ಕ #ಧಾರವಾಡಜಿಲ್ಲಾ #ಇತಿಹಾಸದಲೆಕ್ಕ